ಗಾಜಿನ ಬಾಗಿಲಿಗೊಂದು ಪರದೆ

3 ಜೂನ್

ಪ್ರೀತಿಯ ಅತ್ತೆಗೆ,

ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ನಾನೀಗ ಶಾಲೆಯ ಲೈಬ್ರರಿಯಲ್ಲಿ ಸಹಾಯಕಿ. ‘ಮಾತಾಡಬಾರದು’ ಎಂದು ಇಲ್ಲಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದೆ. ಸಂಬಳ ಕೊಟ್ಟು ಸುಮ್ಮನಿರು ಎನ್ನುವ ಕೆಲಸ ಸಾಹಿತ್ಯ ಓದಿದ ನನಗೆ ಇನ್ನೆಲ್ಲಿ ಸಿಗುತ್ತಿತ್ತು ಹೇಳಿ. ದಿನವಿಡೀ ಎದುರಲ್ಲೂ ಫೋನಿನಲ್ಲೂ ಜನರ ಕಷ್ಟ ಕೇಳಿಸಿಕೊಳ್ಳುವ ಕೌನ್ಸೆಲರ್ ನೀವು, ಮನೆಯವರಿಗೆ ಮಾತ್ರ ಕಾಗದ ಎಂಬ ನಿಮ್ಮ ನಿಯಮದಿಂದಲೂ ನನಗೆ ಬಹಳ ಉಪಕಾರವಾಗಿದೆ. ಇದನ್ನೆಲ್ಲ ಬಾಯಲ್ಲಿ ಕೇಳಬೇಕಾಗಿದ್ದರೆ ಕೇಳುತ್ತಲೇ ಇರಲಿಲ್ಲ.

ವಿಷಯ ನನ್ನದಲ್ಲ, ಕೆಲವು ಮಕ್ಕಳದು.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಊಟದ ಬಿಡುವಿನಲ್ಲಿ ಬಂದು ಕೊನೆಯ ಕಪಾಟಿನ ಪಕ್ಕ ಕೂರುತ್ತಾಳೆ. ಹದಿನೆಂಟು ದಿನದಿಂದ ಅದೇ ಪುಸ್ತಕ, ಅದೇ ಪುಟ. ಪುಟ ತಿರುಗಿಸುವ ಸದ್ದಾದರೆ ಯಾರಾದರೂ ಮಾತಾಡಿಸಿಯಾರು ಎಂಬ ಹೆದರಿಕೆ ಇದ್ದಂತೆ ಕಾಣುತ್ತದೆ. ಏಪ್ರಿಲ್‌ನಲ್ಲಿ ತರಗತಿ ಶುರುವಾದಾಗಿನಿಂದ ಶಾಲೆಯಲ್ಲಿ ಅವಳು ಒಂದು ಮಾತನ್ನೂ ಆಡಿಲ್ಲವಂತೆ. ಅಂಥವರು ಬೇರೆಯವರೂ ಇದ್ದಾರೆ.

ಶಾಲೆಯಿಂದ ಎರಡು ಬೀದಿ ಆಚೆ ಕೌನ್ಸೆಲಿಂಗ್ ಕೇಂದ್ರವೊಂದು ತೆರೆದಿದೆ. ಫೀಸನ್ನು ಹೊರಗೆ ಬೋರ್ಡಿನಲ್ಲೇ ಬರೆದಿದ್ದಾರೆ. ಒಂದು ಗಂಟೆಗೆ ನನ್ನ ಒಂಬತ್ತು ದಿನದ ಸಂಬಳ. ಹೆಡ್ ಮೇಡಂ ಹತ್ತಿರ ಧೈರ್ಯ ಮಾಡಿ ಪ್ರಸ್ತಾಪಿಸಿದೆ. “ನಮ್ಮ ಮಕ್ಕಳಿಗೆ ಅಂಥದ್ದೇನೂ ಇಲ್ಲಮ್ಮ. ಇದ್ರೂ ಅಷ್ಟು ದುಡ್ಡು ಎಲ್ಲಿಂದ ತರೋದು?” ಎಂದರು. ಎರಡನೆಯ ಮಾತು ಮೊದಲನೆಯದನ್ನು ಸುಳ್ಳು ಮಾಡುತ್ತದಲ್ಲ ಎನ್ನಿಸಿತು. ಹೇಳಲಿಲ್ಲ, ತಲೆಯಾಡಿಸಿ ಬಂದೆ.

ಅತ್ತೆ, ಒಬ್ಬಳೇ ಒಬ್ಬಳಿಗಾದರೂ, ಅವಳ ಮನೆಯವರ ಕೈಗೆಟುಕುವ ಹಾಗೆ, ಈ ಚಿಕಿತ್ಸೆ ಸಿಗುವ ದಾರಿ ಇದೆಯೇ?

ನಿಮ್ಮ
ಬೆಕ್ಕಿನಮರಿ


12 ಜೂನ್

ನನ್ನ ಬೆಕ್ಕಿನಮರಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲು ಅತ್ತೆಯಾಗಿ, ಆಮೇಲೆ ಕನ್ನಡಕ ಒರೆಸಿಕೊಂಡು.

ಮೂವತ್ತೊಂದು ವರ್ಷದಿಂದ ಈ ಕುರ್ಚಿಯಲ್ಲಿ ಕೂತಿದ್ದೇನೆ. “ನನಗಲ್ಲ ಮೇಡಂ, ನನ್ನ ಸ್ನೇಹಿತನಿಗೆ” ಎಂದು ಶುರು ಮಾಡಿದವರು ನೂರಾರು ಜನ. ಆ ಸ್ನೇಹಿತ ಒಂದು ಸಲವಾದರೂ ನನ್ನ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ. ಕಪಾಟಿನ ಪಕ್ಕ ಕೂತು ಅದೇ ಪುಟ ಓದುವ ಹುಡುಗಿಯನ್ನು ನಾನು ಬಲ್ಲೆ ಕಣೇ. ಅವಳ ನಾಮಕರಣದ ದಿನ ಎತ್ತಿಕೊಂಡವಳು ನಾನೇ. ಅಂದೂ ಅವಳು ಅಳಲಿಲ್ಲ, ಕಣ್ಣು ಬಿಟ್ಟುಕೊಂಡು ಎಲ್ಲರನ್ನೂ ನೋಡುತ್ತಿದ್ದಳು.

ಫೀಸಿನ ವಿಷಯ ಕೇಳಿದ್ದೀಯ. ನಮ್ಮ ಫೀಸು ಜಾಸ್ತಿ ಎಂದು ನಮಗೂ ಗೊತ್ತು. ಬಾಡಿಗೆ, ಓದಿಗೆ ಸುರಿದ ವರ್ಷಗಳು, ದಿನಕ್ಕೆ ಐದು ಜನರಿಗಿಂತ ಹೆಚ್ಚು ಕೇಳಿಸಿಕೊಂಡರೆ ಆರನೆಯವರಿಗೆ ನಾನು ಕೇಳುತ್ತಿರುವಂತೆ ನಟಿಸಬೇಕಾಗುತ್ತದೆ ಎಂಬ ಸತ್ಯ. ನಾನೇನು ಬೀದಿ ನಲ್ಲಿಯಲ್ಲ, ಬಂದವರೆಲ್ಲ ತಿರುಗಿಸಿಕೊಳ್ಳಲು. ಆದರೆ ಅಣ್ಣನ ಮಗಳಿಗೆ ಎಂಥ ಫೀಸು? ಸ್ವಂತದವರಿಗೆ ಚಿಕಿತ್ಸೆ ಮಾಡಬಾರದು ಎಂಬ ನಿಯಮ ನಮಗಿದೆ. ಅತ್ತೆಯಾಗಿ ಕೇಳಿಸಿಕೊಳ್ಳಬಾರದು ಎಂಬ ನಿಯಮ ಯಾರೂ ಮಾಡಿಲ್ಲ.

ನಿನಗೋಸ್ಕರ ನನ್ನ ಕಾಗದದ ವ್ರತ ಮುರಿಯುತ್ತೇನೆ. ಇದೇ 25ರಿಂದ ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ ನಿನ್ನ ಲೈಬ್ರರಿಯ ಫೋನಿಗೆ ಕರೆ ಮಾಡುತ್ತೇನೆ. ಮುಕ್ಕಾಲು ಗಂಟೆ. ನೀನು ಏನನ್ನೂ ಹೇಳಬೇಕಾಗಿಲ್ಲ, ರಿಸೀವರ್ ಎತ್ತಿದರೆ ಸಾಕು.

ಅತ್ತೆ


19 ಜೂನ್

ಅತ್ತೆ,

ಆಗಲಿ. ಗುರುವಾರ ನಾಲ್ಕಕ್ಕೆ. ಮೂರೂವರೆಗೆ ಶಾಲೆ ಬಿಡುತ್ತದೆ, ಲೈಬ್ರರಿ ಐದರವರೆಗೆ ತೆರೆದಿರುತ್ತದೆ. ಫೋನು ಒಳಗಿನ ಚಿಕ್ಕ ಕೋಣೆಯಲ್ಲಿದೆ. ಅಲ್ಲಿ ಹರಿದ ಭೂಪಟಗಳು, ಮುರಿದ ಗ್ಲೋಬು, ಒಂದು ಕುರ್ಚಿ. ಬಾಗಿಲಿನ ಮೇಲರ್ಧ ಗಾಜು.

ಏನೂ ಹೇಳಬೇಕಾಗಿಲ್ಲ ಎಂದಿರಲ್ಲ, ಅದು ನಿಜ ತಾನೇ? ನಿಜವಾಗಿಯೂ ಒಂದು ಮಾತೂ ಆಡದಿದ್ದರೂ ನೀವು ಫೋನಿಡುವುದಿಲ್ಲವೇ?

ನಿಮ್ಮ
ಬೆಕ್ಕಿನಮರಿ


25 ಜೂನ್

ಬೆಕ್ಕಿನಮರಿ,

ಈಗಷ್ಟೇ ಫೋನಿಟ್ಟೆ. ಕೈ ಇನ್ನೂ ಬೆಚ್ಚಗಿದೆ. ನಿನಗೆ ಹೇಳದೆ ಮೇಜಿನಿಂದ ಏಳಲಾರೆ.

ನೀನು ಮುಕ್ಕಾಲು ಗಂಟೆ ಒಂದು ಅಕ್ಷರ ಆಡಲಿಲ್ಲ. ಮೊದಲ ಹತ್ತು ನಿಮಿಷ ನಾನು ಏನೇನೋ ಹರಟಿದೆ. ನನ್ನ ಕಿಟಕಿಯ ಹೊರಗಿನ ವಿದ್ಯುತ್ ತಂತಿಯ ಮೇಲೆ ಒಂಟಿ ಕಾಲುಚೀಲ ನೇತಾಡುತ್ತಿರುವ ಕಥೆ, ಅದು ಯಾರದೆಂದು ಇಡೀ ಕಟ್ಟಡ ನಡೆಸುತ್ತಿರುವ ತನಿಖೆ. ಆಮೇಲೆ ನಾನೂ ಸುಮ್ಮನಾದೆ. ನಿನ್ನ ಉಸಿರು ಮಾತ್ರ ಕೇಳಿಸುತ್ತಿತ್ತು. ಮೊದಲು ಓಡಿ ಬಂದವರ ಉಸಿರಿನಂತಿದ್ದುದು ನಿಧಾನವಾಗಿ ಕೂತವರ ಉಸಿರಾಯಿತು. ಸುಮ್ಮನಿರುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸಿಟ್ಟಿನಿಂದ ಸುಮ್ಮನಿರುವವರು, ಪರೀಕ್ಷೆ ಮಾಡಲು ಸುಮ್ಮನಿರುವವರು. ಇದು ಬೇರೆ. ತುಂಬಿದ ಕೊಡವನ್ನು ಎರಡೂ ಕೈಯಲ್ಲಿ ಹಿಡಿದು ಚೆಲ್ಲದಂತೆ ನಿಂತವರ ಮೌನ ಇದು. ಇಷ್ಟು ವರ್ಷದಲ್ಲಿ ಅಂಥದ್ದನ್ನು ಕೇಳಿರಲಿಲ್ಲ. ಯಾವುದೋ ದೊಡ್ಡ ಕಟ್ಟಡದೊಳಗೆ ಚಪ್ಪಲಿ ಬಿಟ್ಟು ಕಾಲಿಟ್ಟ ಹಾಗಾಯಿತು.

ಆಮೇಲೆ, ನೀನು ಒಂಬತ್ತನೆಯಲ್ಲಿದ್ದ ಆ ವರ್ಷದ ವಿಷಯ ಹೇಳಿದೆನಲ್ಲ. ಇಷ್ಟು ಕಾಲ ಗಂಟಲಲ್ಲೇ ಇತ್ತು. “ಕೇಳಿಸಿದ್ದರೆ ಒಂದು ಸಲ ಬೆರಳಿಂದ ತಟ್ಟು” ಎಂದೆ. ನೀನು ತಟ್ಟಿದೆ. ಆ ಟಕ್ ಎಂಬ ಸದ್ದಿಗೆ ನಾನು, ಅರವತ್ತು ದಾಟಿದ ಹೆಂಗಸು, ಸೆರಗು ಕಣ್ಣಿಗೊತ್ತಿಕೊಂಡೆ.

ಮುಂದಿನ ಗುರುವಾರ ಮತ್ತೆ.

ಅತ್ತೆ


30 ಜೂನ್

ಅತ್ತೆ,

ನಿಮ್ಮ ಕಾಗದ ಬಂತು. ನಾನು ಒಂಬತ್ತನೆಯಲ್ಲಿದ್ದ ವರ್ಷದ ವಿಷಯ ಏನೋ ಹೇಳಿದೆ ಎಂದಿದ್ದೀರಿ. ಅಂದು ಫೋನಿನಲ್ಲಿ ನನಗೆ ಅದು ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ, ಕಾಗದದಲ್ಲಿ ಬರೆಯುತ್ತೀರಾ?

ಕಾಲುಚೀಲ ಯಾರದೆಂದು ಗೊತ್ತಾಯಿತೇ?

ನಿಮ್ಮ
ಬೆಕ್ಕಿನಮರಿ


9 ಜುಲೈ

ಕೇಳಿಸಲಿಲ್ಲವೇ? ಹೌದು, ನಿನಗೆ ಹೇಗೆ ಕೇಳಿಸಬೇಕು!

ಇವತ್ತು ಮೂರನೆಯ ಗುರುವಾರ. ಎಂದಿನಂತೆ “ಹೇಗಿದ್ದೀಯೇ ಬೆಕ್ಕಿನಮರಿ” ಎಂದು ಶುರು ಮಾಡಿದೆ. ಬಹಳ ಹೊತ್ತಿನ ಮೇಲೆ ಆ ಕಡೆಯಿಂದ, ತುಕ್ಕು ಹಿಡಿದ ಚಿಲಕ ಸರಿದ ಹಾಗೆ, ಒಂದು ದನಿ ಬಂತು:

“ನಾನು ನಿಮ್ಮ ಬೆಕ್ಕಿನಮರಿ ಅಲ್ಲ.”

ಅದು ನಿನ್ನ ದನಿಯಲ್ಲ. ಯಾರಮ್ಮ ನೀನು ಎಂದೆ. “ಲೈಬ್ರರಿ ಮಿಸ್ ಕೂರಿಸಿದ್ರು. ನೀವು ಅವ್ರಿಗೆ ಅಂತ ಹೇಳ್ತಿದ್ದೀರ. ಸುಳ್ಳಾಗುತ್ತಲ್ಲ, ಅದಕ್ಕೆ ಹೇಳಿದೆ.” ಇಷ್ಟು ಹೇಳಿ ಮತ್ತೆ ಸುಮ್ಮನಾದಳು.

ನಿನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂದಿದೆ ಎಂದರೆ ಪೆನ್ನಿನ ಮೊನೆ ಕಾಗದ ಹರಿಯುತ್ತಿದೆ. ನಾನು ಯಾರ ಜೊತೆ ಮಾತಾಡುತ್ತಿದ್ದೇನೆ ಎಂದು ನನಗೇ ಗೊತ್ತಿಲ್ಲದೆ ಮೂರು ವಾರ! ಆ ಮಗುವಿಗೆ ಏನಾದರೂ ಆಗಿದ್ದರೆ ನಾನು ಯಾರನ್ನು ಕರೆಯಬೇಕಿತ್ತು? ಮನೆಯವರಿಗೆ ತಿಳಿಯದೆ ಮಗುವಿನ ಮನಸ್ಸಿಗೆ ಕೈ ಹಾಕುವುದು ಕಳ್ಳತನಕ್ಕೆ ಸಮ. ಒಂದು ಸಾಲು ಬರೆಯಲು ನಿನಗೇನು ಕಷ್ಟವಿತ್ತು, “ಅತ್ತೆ, ನೀವು ತಪ್ಪು ತಿಳಿದಿದ್ದೀರಿ” ಎಂದು?

16ಕ್ಕೆ ನಾನು ಕರೆ ಮಾಡುವುದಿಲ್ಲ. ನೀನೇ ಅವಳ ಮನೆಗೆ ಹೋಗಿ ಅಪ್ಪನನ್ನೋ ಅಮ್ಮನನ್ನೋ ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಬೇಕು. ನಿನ್ನ ಹೆಡ್ ಮೇಡಂಗೂ ಹೇಳಬೇಕು. ಚೀಟಿ ಕಳಿಸುವ ಹಾಗಿಲ್ಲ, ಬಾಯಿಂದಲೇ. ಅವರಿಬ್ಬರೂ ಒಪ್ಪಿದರೆ ಮುಂದೆ. ಇಲ್ಲವಾದರೆ ಇನ್ನು ಗುರುವಾರದ ಕರೆ ಇಲ್ಲ.

ಇಷ್ಟು ಬರೆದು ಕಾಗದ ಮಡಿಚಿದ್ದೆ, ಮತ್ತೆ ಬಿಚ್ಚಿದೆ. ಮೂರು ವಾರ ಆ ಮಗು ಇನ್ನೊಬ್ಬರಿಗೆಂದು ಆಡಿದ ಅಕ್ಕರೆಯ ಮಾತನ್ನು ಕೇಳಿಸಿಕೊಂಡಿದ್ದಾಳೆ. ಅದನ್ನು ತನ್ನದೆಂದು ಇಟ್ಟುಕೊಳ್ಳಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಷ್ಟು ದಿನ ಬಿಟ್ಟಿದ್ದ ಮಾತನ್ನು ಅವಳು ಮತ್ತೆ ಹಿಡಿದದ್ದು ಆ ಅಕ್ಕರೆಯನ್ನು ವಾಪಸು ಕೊಡಲು.

ನಿನಗೆಂದು ಹೇಳಿದ ಮಾತೂ ಅವಳ ಹತ್ತಿರವೇ ಇದೆ. ಅದನ್ನು ನಾನು ಕಾಗದದಲ್ಲಿ ಬರೆಯಲಾರೆ.

ಅತ್ತೆ


21 ಜುಲೈ

ಅತ್ತೆ,

ತಪ್ಪಾಯಿತು. ‘ವಿಷಯ ನನ್ನದಲ್ಲ’ ಎಂದು ಮೊದಲೇ ಬರೆದಿದ್ದೆ, ನೀವು ನಂಬಲಿಲ್ಲ. ಮತ್ತೆ ಬರೆಯಲು ಕೂತೆ. ಆದರೆ ಎರಡನೆಯ ಸಲವೂ ‘ನನ್ನದಲ್ಲ’ ಎಂದರೆ ಆ ಗಂಟೆ ಅವಳ ಕೈ ತಪ್ಪುತ್ತದೆ ಎಂದು ಹೆದರಿದೆ. ‘ಒಬ್ಬರು ಅತ್ತೆ ಫೋನ್ ಮಾಡ್ತಾರೆ, ಸುಮ್ಮನೆ ಕೇಳಬಹುದು, ಬೇಡ ಅನ್ನಿಸಿದರೆ ಇಟ್ಟುಬಿಡು’ ಎಂದು ಅವಳಿಗೆ ಹೇಳಿದ್ದೆ. ತಲೆಯಾಡಿಸಿದಳು. ಮೊದಲ ಗುರುವಾರ ನೀವು ಕಿವಿಯಿಂದ ಕೇಳಿದ್ದನ್ನು ನಾನು ಗಾಜಿನ ಈ ಕಡೆಯಿಂದ ಕಣ್ಣಲ್ಲಿ ನೋಡಿದೆ. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ಹೆಗಲು ಕಿವಿಗೆ ತಾಗುವಷ್ಟು ಬಿಗಿಯಾಗಿ ಕೂತಿದ್ದಳು. ಅರ್ಧ ಗಂಟೆಯಾಗುವಷ್ಟರಲ್ಲಿ ಹೆಗಲು ಇಳಿದಿತ್ತು. ಆಮೇಲೆ ತೋರುಬೆರಳು ಎತ್ತಿ ಒಮ್ಮೆ ತಟ್ಟಿದಳು. ಏಕೆಂದು ನನಗೆ ತಿಳಿಯಲಿಲ್ಲ. ನಿಮ್ಮ ಕಾಗದ ಬಂದ ದಿನ ತಿಳಿಯಿತು. ನೋಡುವವಳಿಗೆ ಬರೀ ಬೆರಳಾಗಿದ್ದುದು ಕೇಳುವವರಿಗೆ ಇಷ್ಟೊಂದಾಗಿತ್ತೇ ಎನ್ನಿಸಿತು.

ಹದಿನಾರಕ್ಕೆ ನಾಲ್ಕು ಗಂಟೆಗೆ ಅವಳು ಬಂದು ಕುರ್ಚಿಯಲ್ಲಿ ಕೂತಳು. ಫೋನು ರಿಂಗಾಗಲಿಲ್ಲ. ಮುಕ್ಕಾಲು ಗಂಟೆ ಕೂತೇ ಇದ್ದಳು. ಎದ್ದು ಕುರ್ಚಿಯನ್ನು ಮೇಜಿನ ಕೆಳಗೆ ನೀಟಾಗಿ ತಳ್ಳಿ ಹೋದಳು. ಅದನ್ನು ನೋಡಿದ ಮೇಲೆ ನನ್ನ ನಾಚಿಕೆ ಎಷ್ಟು ದೊಡ್ಡದು ಎಂದು ಯೋಚಿಸಲು ನಾಚಿಕೆಯಾಯಿತು.

ಮೊದಲು ಹೆಡ್ ಮೇಡಂ ಹತ್ತಿರ ಹೋದೆ. ಎಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಿದೆ. ಅವರು ಡ್ರಾಯರ್ ತೆಗೆದು ಹಳೆಯ ಡೈರಿಯೊಂದನ್ನು ಮುಂದಿಟ್ಟರು. ಕೊನೆಯ ಪುಟಗಳಲ್ಲಿ ಮಕ್ಕಳ ಹೆಸರುಗಳು. ನೀಲಿ, ಕಪ್ಪು, ಪೆನ್ಸಿಲ್, ವರ್ಷ ವರ್ಷದವು. ಅವಳ ಹೆಸರು ಕೊನೆಯಲ್ಲಿತ್ತು.

“ಅಂಥದ್ದೇನೂ ಇಲ್ಲ ಅಂದಿದ್ರಿ ಮೇಡಂ” ಎಂದೆ. ಬಾಯಿ ತಪ್ಪಿ ಬಂದುಬಿಟ್ಟಿತು.

“ಇದೆ ಅಂದ್ರೆ ಏನಾದ್ರೂ ಮಾಡ್ಬೇಕಲ್ಲಮ್ಮ” ಎಂದರು. “ಕೈಲಿ ಏನೂ ಇಲ್ದಿರೋವಾಗ ಇಲ್ಲ ಅನ್ನೋದು ಸುಲಭ. ಬರೆದಿಟ್ಕೊಳ್ತಿದ್ದೆ, ಅಷ್ಟೆ. ಹೋಗು, ಅವ್ರ ಮನೆಗೆ ಹೋಗು. ನಾನು ಹೇಳ್ದೆ ಅನ್ನು.”

ಅವಳ ಅಪ್ಪ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅದಕ್ಕೇ ತರಗತಿಯವರು ಮಗಳಿಗೆ ‘ಸೂಜಿ’ ಎಂದು ಅಡ್ಡಹೆಸರಿಟ್ಟಿದ್ದಾರೆ. ನಾನು ಹೋದಾಗ ಅವರು ಹೊಲಿಯುತ್ತಿದ್ದರು. ಬಾಗಿಲಲ್ಲಿ ನಿಂತೆ. ಮಿಷಿನ್ನು ನಿಲ್ಲಲಿ ಎಂದು ಕಾದೆ. ಅದು ನಿಂತಿತು.

“ಅಳತೆ ಕೊಡೋಕೆ ಬಂದ್ರಾ?”

“ಇಲ್ಲ, ಶಾಲೆಯಿಂದ.”

ಅವರು ಎದ್ದು ನಿಂತು ಕತ್ತಿನ ಟೇಪು ತೆಗೆದು ಕೈಗೆ ಸುತ್ತಿಕೊಳ್ಳತೊಡಗಿದರು. ನಾನು ಒಂದೇ ಸಮನೆ ಹೇಳಿದೆ. ಮುಗಿಸುವ ಹೊತ್ತಿಗೆ ಟೇಪು ಪೂರ್ತಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ್ದರು.

“ಕ್ಲಾಸ್ ಟೀಚರ್ ಒಂದ್ಸಲ ಕೇಳಿದ್ರು” ಎಂದರು. “ಅದೆಲ್ಲ ನನಗೆ ನಂಬಿಕೆ ಇಲ್ಲ ಅಂದ್ಬಿಟ್ಟೆ. ಸುಳ್ಳು ಮಿಸ್ ಅದು. ಇವಳಮ್ಮ ತೀರ್ಕೊಂಡು ಎರಡು ತಿಂಗಳಿಗೆ ನಾನೇ ಹೋಗಿದ್ದೆ ಆ ಕೇಂದ್ರಕ್ಕೆ. ಇವಳನ್ನೂ ಕರ್ಕೊಂಡು. ಹೊಸ ಫ್ರಾಕ್ ಹಾಕ್ಸಿ. ಬೋರ್ಡ್ ನೋಡ್ದೆ, ಹಾಗೇ ಮುಂದೆ ನಡ್ಕೊಂಡು ಹೋದೆ. ಸುಮ್ನೆ ವಾಕಿಂಗ್ ಬಂದ್ವಿ ಅಂತ ಹೇಳ್ದೆ ಅವಳಿಗೆ.” ಟೇಪನ್ನು ಮಿಷಿನ್ನಿನ ಮೇಲಿಟ್ಟು, “ಅವಳಿಗೆ ಗೊತ್ತಾಯ್ತೇನೋ. ಅವತ್ತಿಂದಾನೇ ಮಾತು ಕಮ್ಮಿ ಆಗಿದ್ದು” ಎಂದರು.

ನಾನೂ ಸುಮ್ಮನಿದ್ದೆ. ಅದೇ ಸರಿ ಎಂದು ನಿಮ್ಮಿಂದ ಕಲಿತಿದ್ದೆ.

“ನಿಮ್ಮತ್ತೆಗೆ ಫೀಸೆಷ್ಟು?”

“ಇಲ್ಲ...”

“ಹಾಗಾದ್ರೆ ಬೇಡ. ಧರ್ಮಕ್ಕೆ ಅಂದ್ರೆ ಅವಳು ಮತ್ತೆ ಬಾಯಿ ಮುಚ್ಕೋತಾಳೆ. ನನ್ನ ಮಗಳು, ನಂಗೊತ್ತು.” ಆಮೇಲೆ, “ಅವಳು ಕೂರೋದೆಲ್ಲಿ?” ಎಂದರು.

ಕೋಣೆಯ ವಿಷಯ ಹೇಳಿದೆ. ಗಾಜಿನ ಬಾಗಿಲು ಎಂದೊಡನೆ ಅವರ ಮುಖ ಬದಲಾಯಿತು. “ಎಲ್ರೂ ನೋಡ್ತಾರಲ್ಲ ಮಿಸ್!” ಎಂದರು. ಅತ್ತೆ, ಮೂರು ವಾರ ಆ ಗಾಜಿನಲ್ಲಿ ನೋಡಿದವಳು ನಾನೇ. ಅದು ನೋಡುವುದು ಎಂದು ನನಗೆ ಹೊಳೆದೇ ಇರಲಿಲ್ಲ, ಕಾವಲು ಎಂದುಕೊಂಡಿದ್ದೆ.

ಮರುದಿನ ಅವರು ಟೇಪು ಹಿಡಿದು ಶಾಲೆಗೆ ಬಂದು ಬಾಗಿಲಿನ ಅಳತೆ ತೆಗೆದುಕೊಂಡು ಹೋದರು. ಪರದೆ ಹೊಲಿದು ಕೊಡುತ್ತಾರಂತೆ. ಅದೇ ಫೀಸಂತೆ. ಇದಕ್ಕೆ ನೀವು ಒಪ್ಪುತ್ತೀರಾ?

ಆ ವರ್ಷದ ಬಗ್ಗೆ ಒಂದೇ ಮಾತು. ನಾನೂ ಒಂಬತ್ತನೆಯಲ್ಲಿ ಕೆಲವು ತಿಂಗಳು ಮಾತು ಬಿಟ್ಟಿದ್ದೆ. ನಾಚಿಕೆ ಸ್ವಭಾವ ಎಂದು ಎಲ್ಲರೂ ಹೇಳಿದರು. ನಾನೂ ಹಾಗೆಯೇ ಹೇಳಿಕೊಳ್ಳುತ್ತೇನೆ.

ನಿಮ್ಮ
ಬೆಕ್ಕಿನಮರಿ


25 ಜುಲೈ

ಬೆಕ್ಕಿನಮರಿ,

ಒಪ್ಪಿದೆ. ಇಷ್ಟು ದೊಡ್ಡ ಫೀಸನ್ನು ನನಗೆ ಈವರೆಗೆ ಯಾರೂ ಕೊಟ್ಟಿರಲಿಲ್ಲ.

ನಮ್ಮ ಕೌನ್ಸೆಲರ್‌ಗಳ ತಿಂಗಳ ಸಭೆಯಲ್ಲಿ, ಹೆಸರು ಊರು ಯಾವುದೂ ಇಲ್ಲದೆ, ಒಬ್ಬ ಅಪ್ಪ ಬೋರ್ಡು ನೋಡಿ ಮುಂದೆ ನಡೆದ ಕಥೆಯನ್ನು ಹೇಳಿದೆ. ಸಭೆಯಲ್ಲಿ ಸದಾ ತೂಕಡಿಸುವ ಒಬ್ಬರಿದ್ದಾರೆ. ಕಿವಿ ಸ್ವಲ್ಪ ಮಂದ, ಆದರೆ ಅವರಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರನ್ನು ನಾನು ಕಂಡಿಲ್ಲ. ಅವರು ಎದ್ದು, “ನಮ್ಮೆಲ್ಲರ ಬಾಗಿಲಲ್ಲೂ ಆ ಬೋರ್ಡ್ ಇದೆ. ಅದನ್ನ ನೋಡಿ ಮುಂದೆ ಹೋದವರನ್ನ ನಾವು ಲೆಕ್ಕಕ್ಕೇ ತಗೊಂಡಿಲ್ಲ, ಯಾಕಂದ್ರೆ ಅವರು ಒಳಗೆ ಬರಲೇ ಇಲ್ಲ” ಎಂದರು. ಅಲ್ಲೇ ನಾಲ್ಕು ಜನ ವಾರಕ್ಕೊಂದು ಗಂಟೆ ಕೊಡಲು ಒಪ್ಪಿದರು. ಫೀಸು ಎಷ್ಟೆಂದು ಮನೆಯವರೇ ಹೇಳಲಿ, ತಮ್ಮ ಕೈಯಿಂದ ಆಗುವುದನ್ನು. ನಾವು ಕಡಿಮೆಯಾಯಿತು ಎನ್ನುವ ಹಾಗಿಲ್ಲ. ನಿನ್ನ ಹೆಡ್ ಮೇಡಂಗೆ ಹೇಳು, ಆ ಡೈರಿಯನ್ನು ಡ್ರಾಯರಿನಿಂದ ಹೊರಗಿಡಲಿ. ಮೊದಲು ಮನೆಯವರನ್ನು ಕೇಳಲಿ, ಆಮೇಲೆ ಮಕ್ಕಳನ್ನು.

30ರಂದು ನಾಲ್ಕಕ್ಕೆ ಕರೆ ಮಾಡುತ್ತೇನೆ. ಈ ಸಲ ಯಾರಿಗೆ ಎಂದು ನನಗೆ ಗೊತ್ತು.

ಮತ್ತೆ, ನಿನ್ನ ಕಾಗದದ ಕೊನೆಯ ಸಾಲು. ಅದನ್ನು ನೀನು ‘ಒಂದೇ ಮಾತು’ ಎಂದು ಅಂಚಿಗೆ ತಳ್ಳಿದ್ದೀಯ. ನಾನು ಅಂಚನ್ನೇ ಮೊದಲು ಓದುವವಳು. ಆ ವರ್ಷ ಮಾತ್ರ ನಿನ್ನನ್ನು ಓದದೆ ಹೋದೆ.

ಅತ್ತೆ


31 ಜುಲೈ

ಪ್ರೀತಿಯ ಅತ್ತೆಗೆ,

ನಿನ್ನೆಯದನ್ನು ಬರೆಯುತ್ತೇನೆ. ಅರ್ಧ ನಿಮಗೆ ಗೊತ್ತು. ಈ ಕಡೆಯ ಅರ್ಧ ಇಲ್ಲಿದೆ.

ಪರದೆಯನ್ನು ಅವಳ ಅಪ್ಪನೇ ತಂದು ಬಾಗಿಲ ಚೌಕಟ್ಟಿಗೆ ಕಟ್ಟಿದರು. ಬೂದು ಬಣ್ಣ. ಹತ್ತಿರದಿಂದ ನೋಡಿದರೆ ಅದು ಹೊಸ ಬಟ್ಟೆಯಲ್ಲ. ಹಳೆಯ ಸೀರೆಯ ಒಡಲನ್ನು, ಅಂಚು ತೆಗೆದು, ಎರಡು ಪದರವಾಗಿ ಹೊಲಿದದ್ದು. ಯಾರ ಸೀರೆ ಎಂದು ನಾನು ಕೇಳಲಿಲ್ಲ. ಹುಡುಗಿ ಅದನ್ನು ಮುಟ್ಟಿ, ಮೂಸಿ ನೋಡಿದಳು. ಹೊಲಿಗೆ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆ ಎಂದು ನನಗೆ ಕಾಣಲೇ ಇಲ್ಲ. ಬಾಗಿಲ ಬಳಿ ಹೆಡ್ ಮೇಡಂ ನಿಂತಿದ್ದರು. “ಇಪ್ಪತ್ತು ವರ್ಷದಿಂದ ಇದನ್ನ ಭೂಪಟದ ಕೋಣೆ ಅಂತಿದ್ದೆ” ಎಂದು ಮೆಲ್ಲಗೆ ಹೇಳಿ ಹೋದರು.

ನಾಲ್ಕಕ್ಕೆ ಫೋನು ರಿಂಗಾಯಿತು. ಅವಳು ಒಳಗೆ ಹೋಗಿ ಪರದೆ ಎಳೆದಳು.

ಅತ್ತೆ, ನೋಡುವುದೊಂದೇ ನನಗೆ ಬರುವ ಕೆಲಸ. ಮನೆಯಲ್ಲಿ, ಕಾಲೇಜಿನಲ್ಲಿ, ಎಲ್ಲ ಕಡೆ ಮೂಲೆಯಲ್ಲಿ ನಿಂತು ನೋಡಿಯೇ ಬೆಳೆದವಳು. ನಿನ್ನೆ ಮುಕ್ಕಾಲು ಗಂಟೆ ನನಗೆ ಏನೂ ಕಾಣಲಿಲ್ಲ. ಬೂದು ಬಟ್ಟೆ, ಅಷ್ಟೆ. ಒಮ್ಮೆ ಒಳಗಿಂದ ದನಿ ಕೇಳಿದ ಹಾಗಾಯಿತು. ಕೂಡಲೇ ಎದ್ದು ದೂರದ ಕಪಾಟಿನ ಹತ್ತಿರ ಹೋದೆ. ಅವಳು ಏನು ಹೇಳಿದಳು ಎಂದು ನನಗೆ ಎಂದೂ ತಿಳಿಯುವುದಿಲ್ಲ. ಹಾಗೆ ತಿಳಿಯದೆ ಹೋಗುವುದು ಎಷ್ಟು ದೊಡ್ಡದು! ಒಬ್ಬ ವ್ಯಕ್ತಿಯ ಮುಂದೆ ತಲೆಬಾಗಿ ನಿಂತಂತೆ ದೂರದಿಂದಲೇ ಆ ಬಟ್ಟೆಗೆ ಮುಖ ಮಾಡಿ ನಿಂತಿದ್ದೆ.

ಪರದೆ ಸರಿಯಿತು. ಅವಳು ಹೊರಗೆ ಬಂದು ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ನಿಂತಳು. ನನ್ನನ್ನು ನೋಡಿದಳು. ನನ್ನೊಡನೆ ಅವಳು ಆಡಿದ ಮೊದಲ ಮಾತು ಇದು:

“ಮಿಸ್, ಅತ್ತೆ ಇನ್ನೂ ಲೈನಲ್ಲೇ ಇದಾರೆ. ಅವತ್ತು ಅವ್ರು ಹೇಳಿದ್ದು ನಿಮಗೆ. ನಾನು ತಟ್ಟಿದ್ದು ನಿಮ್ಮ ಪರವಾಗಿ. ಹೋಗಿ ನೀವೇ ಕೇಳಿ.”

ನಾನು ನಿಂತೇ ಇದ್ದೆ. ಅವಳು ಸ್ವಲ್ಪ ಯೋಚಿಸಿ ಸೇರಿಸಿದಳು:

“ಏನೂ ಹೇಳ್ಬೇಕಂತಿಲ್ಲ ಮಿಸ್. ಸುಮ್ನಿದ್ರೂ ಆಗುತ್ತೆ.”

ನಾನು ಒಳಗೆ ಹೋದೆ. ಕುರ್ಚಿ ಬೆಚ್ಚಗಿತ್ತು, ರಿಸೀವರ್ ಕೂಡ. ಹೊರಗಿನಿಂದ ಅವಳೇ ಪರದೆಯನ್ನು ಅಂಚಿನವರೆಗೆ ಎಳೆದು ಮುಚ್ಚಿದಳು.

ಮುಂದಿನದನ್ನು ಬರೆಯಬೇಕಾಗಿಲ್ಲ, ಆ ಕಡೆ ನೀವೇ ಇದ್ದಿರಿ. ಒಂದನ್ನು ಮಾತ್ರ ತಿದ್ದಬೇಕು. ನಡುವೆ ನೀವು “ಏನಾಯ್ತೇ?” ಎಂದು ಕೇಳಿದಾಗ ನೆಗಡಿ ಎಂದೆ.

ನೆಗಡಿಯಲ್ಲ ಅತ್ತೆ.

ನಿಮ್ಮ
ಬೆಕ್ಕಿನಮರಿ